ಎಡ ಫ್ಲಿಪ್ಪರ್ ಕೊನೆಗೂ ಚೆಂಡನ್ನು ಹಿಡಿದು ನಿಂತಿತು

ಭಾನುವಾರ ರಾತ್ರಿ, ನಾನು ಕಟ್ಟುತ್ತಿರುವ ಪಿನ್‌ಬಾಲ್ ಯಂತ್ರದ ಎಡ ಫ್ಲಿಪ್ಪರಿನ (ಬಟನ್ ಒತ್ತಿದರೆ ಮೇಲೇರಿ ಚೆಂಡನ್ನು ಹೊಡೆಯುವ ತೋಳು) ಮೇಲೆ ಚೆಂಡನ್ನು ನಿಲ್ಲಿಸಿಕೊಂಡು, ಬಟನ್‌ನಿಂದ ಬೆರಳು ತೆಗೆಯದೆ ನೂರರವರೆಗೆ ಎಣಿಸಿದೆ. ಆಮೇಲೆ ಫ್ಲಿಪ್ಪರನ್ನು ಎಳೆಯುವ ತಂತಿಯ ಸುರುಳಿಯನ್ನು, ಅಂದರೆ ಕಾಯಿಲ್ ಅನ್ನು, ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಅಷ್ಟೆ. ಮೂರು ಕಾಯಿಲ್ ಸುಟ್ಟುಕೊಂಡ ಮೇಲೆ ಸಿಕ್ಕ ಫಲವಿದು. ಆಟದ ಪ್ಲೈವುಡ್ ಹಲಗೆ, ಅದರ ಆರೂವರೆ ಡಿಗ್ರಿ ಇಳಿಜಾರು, ಚೆಂಡನ್ನು ಪುಟಿಸುವ ಬಂಪರ್‌ಗಳ ವೈರಿಂಗ್ ಈ ಹವ್ಯಾಸದವರಿಗೆಲ್ಲ ಗೊತ್ತಿರುವಂಥದ್ದು; ಅವನ್ನು ಇಲ್ಲಿ ಬರೆಯುವುದಿಲ್ಲ.

ನಾನು ಪಿನ್‌ಬಾಲ್ ಕಲಿತದ್ದು ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್ ಕೆಫೆಯೊಂದರಲ್ಲಿ, ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಬರುತ್ತಿದ್ದ ಸ್ಪೇಸ್ ಕೆಡೆಟ್ ಆಟದಲ್ಲಿ. ಅಲ್ಲಿ ಜೆಡ್ ಕೀಲಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಫ್ಲಿಪ್ಪರ್ ಮೇಲೆಯೇ ನಿಲ್ಲುತ್ತದೆ, ಅದಕ್ಕೆ ಯಾವ ಖರ್ಚೂ ಇಲ್ಲ. ನಿಜವಾದ ಯಂತ್ರದಲ್ಲಿ ಹಾಗಲ್ಲ. 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಕದ ಉಕ್ಕಿನ ಚೆಂಡನ್ನು ಹಲಗೆಯ ತುದಿಯವರೆಗೆ ಚಿಮ್ಮಿಸಲು ಕ್ಷಣಮಾತ್ರದ ದೊಡ್ಡ ಹೊಡೆತ ಬೇಕು. ಅದೇ ಚೆಂಡನ್ನು ತಡೆದು ನಿಲ್ಲಿಸಲು ಅದರಲ್ಲಿ ಎಳ್ಳಷ್ಟು ಬಲ ಸಾಕು. ಈ ಎರಡು ಕೆಲಸಗಳನ್ನು ಒಂದೇ ಕಾಯಿಲ್‌ನಿಂದ ಮಾಡಿಸಲು ಹೊರಟದ್ದೇ ನನ್ನ ತಪ್ಪು.

ಮೊದಲ ಕಾಯಿಲ್‌ನ ರೋಧ 4 ಓಮ್ ಇತ್ತು. 48 ವೋಲ್ಟ್‌ಗೆ 12 ಆಂಪಿಯರ್ ಹರಿದು, 576 ವ್ಯಾಟ್ ಶಾಖವೆಲ್ಲ ಅಂಗೈಯಗಲದ ಸುರುಳಿಯಲ್ಲೇ ಉಳಿಯಿತು. ದಪ್ಪ ತಂತಿ ತಡೆದೀತೆಂದು ನಂಬಿ ಎರಡನೆಯದನ್ನು ಹಾಗೆ ಸುತ್ತಿಸಿದೆ. ತಂತಿ ಸುತ್ತುವ ಅದೇ ಬಾಬಿನ್ನಿನಲ್ಲಿ ಸುತ್ತುಗಳು ಕಡಿಮೆಯಾಗಿ, ರೋಧ ಇನ್ನೂ ಇಳಿದು, ಅದು ಮೊದಲಿನದಕ್ಕಿಂತ ಬೇಗ ಸುಟ್ಟಿತು. ದಿನವಿಡೀ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯವರು ಕರಿಕಲಾದ ಸುರುಳಿಯನ್ನು ಮೂಸಿ ನೋಡಿ, "ಸಾರ್, ಇದನ್ನ ಆನ್ ಮಾಡಿ ಹಾಗೇ ಬಿಡ್ತೀರಾ? ಹಂಗಾದ್ರೆ ಎರಡು ವೈಂಡಿಂಗ್ ಬೇಕು" ಎಂದರು. ಹಳೆಯ ಯಂತ್ರಗಳ ವಿನ್ಯಾಸವೂ ಅದೇ ಎಂದು ನನಗೆ ಓದಿ ಗೊತ್ತಿತ್ತು, ಆದರೆ ಅದರ ಅಗತ್ಯ ಮನಸ್ಸಿಗೆ ತಟ್ಟಿರಲಿಲ್ಲ.

ಮೂರನೆಯದಕ್ಕೆ, ಹೊಡೆದ ಮೇಲೆ ಹಿಡಿದು ನಿಲ್ಲಿಸಲೆಂದು, 120 ಓಮ್‌ನ ತೆಳು ತಂತಿಯ ಸುರುಳಿಯೂ ಸೇರಿತು. ಫ್ಲಿಪ್ಪರ್ ಮೇಲೇರಿ ಮುಗಿದಾಗ ಎಂಡ್ ಆಫ್ ಸ್ಟ್ರೋಕ್ ಸ್ವಿಚ್ ತೆರೆದುಕೊಂಡು ಎರಡೂ ಸುರುಳಿಗಳು ಸರಣಿಯಲ್ಲಿ (ಒಂದರ ಹಿಂದೊಂದಾಗಿ) ಬರಬೇಕು; ಆಗ ಖರ್ಚು 19 ವ್ಯಾಟ್‌ಗಿಂತ ಕಡಿಮೆ. ಸ್ವಿಚ್ ಕಳಿಸಿದ ಬೆಂಗಳೂರಿನ ವ್ಯಾಪಾರಿ ಸಾಮಾನ್ಯವಾಗಿ ಮುಚ್ಚಿರುವ (ಒತ್ತದಿದ್ದಾಗ ವಿದ್ಯುತ್ ಹರಿಯುವ) ಬಗೆಯದನ್ನು ಕೇಳಿದರೆ ಎರಡು ಸಲವೂ ತೆರೆದಿರುವ ಬಗೆಯದನ್ನೇ ಕಳಿಸಿದ್ದರಿಂದ ಹದಿನೆಂಟು ದಿನ ವ್ಯರ್ಥವಾದವು. ಸರಿಯಾದದ್ದು ಬಂದ ಮೇಲೂ ಕಾಯಿಲ್ ಸುಟ್ಟಿತು.

ದೀಪ ಆರಿಸಿ ಹಲಗೆಯ ಅಡಿಯಿಂದ ನೋಡಿದಾಗ ಕಾರಣ ತಿಳಿಯಿತು. ಸ್ವಿಚ್ಚಿನ ಎಲೆಯಂಥ ಎರಡು ತಗಡುಗಳು ಪೂರ್ತಿ ಬಿಡಿಸಿಕೊಳ್ಳುವ ಮೊದಲೇ ಪ್ಲಂಜರ್ (ಕಾಯಿಲ್ ಒಳಗೆಳೆದುಕೊಳ್ಳುವ ಸರಳು) ತನ್ನ ತಡೆಗೆ ತಾಗಿ ನಿಲ್ಲುತ್ತಿತ್ತು. ನಡುವೆ ನೀಲಿ ಕಿಡಿ ಉರಿಯುತ್ತಲೇ ಇತ್ತು, ತಗಡುಗಳು ಒಂದಕ್ಕೊಂದು ತಾಗುವ ಬಿಂದುಗಳು ಸಣ್ಣ ಕುಳಿಬಿದ್ದು ಒರಟಾಗಿದ್ದವು. ಹೊಸ ಕಾಯಿಲ್ ಕೂರಿಸಿ, ಬಿಂದುಗಳನ್ನು ಉಜ್ಜಿ, ತಗಡನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿ, ಕಿಡಿ ತಗ್ಗಿಸಲು 2.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದೆ.

ಪರದೆಯ ಮೇಲಿನ ಆಟ ಚೆಂಡಿನ ದಾರಿಯನ್ನು ಚೆನ್ನಾಗಿಯೇ ಲೆಕ್ಕ ಹಾಕುತ್ತದೆ. ಆದರೆ ಚೆಂಡು ಫ್ಲಿಪ್ಪರಿಗೆ ಬಂದು ಕೂತಾಗ ಪೆಟ್ಟಿಗೆಯ ಪಕ್ಕದಿಂದ ಅಂಗೈಗೆ ಬರುವ ಆ ಸಣ್ಣ ಗುದ್ದು ಅಲ್ಲಿ ಸಿಗದು, ಮುಂದಿನ ಹೊಡೆತದ ಸಮಯವನ್ನು ನನಗೆ ಹೇಳಿಕೊಡುವುದು ಅದೇ.

ಮುಂದಿನ ಯೋಜನೆ ಟಿಲ್ಟ್, ಅಂದರೆ ಪೆಟ್ಟಿಗೆಯನ್ನು ಅತಿಯಾಗಿ ಅಲುಗಾಡಿಸಿದರೆ ಆಟ ನಿಲ್ಲಿಸುವ ವ್ಯವಸ್ಥೆ. ಸ್ಪೇಸ್ ಕೆಡೆಟ್‌ನಲ್ಲಿ ಎಕ್ಸ್ ಕೀಲಿ ಒತ್ತಿದರೆ ಪ್ರತಿ ಸಲವೂ ಒಂದೇ ಅಳತೆಯ ತಳ್ಳು. ಇಲ್ಲಿ ಲೋಹದ ಬಳೆಯೊಳಗೆ ಗುಂಡೊಂದನ್ನು ತೂಗುಬಿಟ್ಟು, ಅದು ಬಳೆಗೆ ತಾಗಿದರೆ ಆಟ ನಿಲ್ಲುವಂತೆ ಮಾಡಬೇಕು. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ಹಿತ್ತಾಳೆ ಗುಂಡೊಂದನ್ನು ಆಗಲೇ ತಂದಿಟ್ಟಿದ್ದೇನೆ. ಬಲ ಫ್ಲಿಪ್ಪರಿನ ಕಾಯಿಲ್ ಶನಿವಾರ ಕೈಸೇರುತ್ತದೆ.