ಮಣ್ಣಿನ ರನ್‌ವೇಗೆ ಹೋಗೋಕೂ ಒಂದು ಕ್ಲಬ್ಬಾ?

ಮೆಕ್ಸಿಕೋಗೆ ಅಂಟಿಕೊಂಡಿರುವ ಅಮೆರಿಕದ ಊರು ಸ್ಯಾನ್ ಡಿಯಾಗೋದಲ್ಲಿ ನಾನು ಚಿಕ್ಕ ವಿಮಾನ ಹಾರಿಸುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ ಪ್ರಶ್ನೆ. ಒಳ್ಳೇ ರನ್‌ವೇ ಬಿಟ್ಟು ಮೆಕ್ಸಿಕೋದ ಆ ಮಣ್ಣಿನ ಏರ್‌ಸ್ಟ್ರಿಪ್‌ಗಳಿಗೆ ಯಾಕೆ ಹೋಗ್ತೀರ, ಅದಕ್ಕೆ ಕ್ಲಬ್ ಬೇರೆ ಯಾಕೆ ಹುಟ್ಟಿಕೊಂಡಿತು? ಊರಿಂದ ಬಂದಿದ್ದ ನಮ್ಮ ಮಾವನವರು ಉತ್ತರಕ್ಕೂ ಕಾಯಲಿಲ್ಲ. "ದುಡ್ಡು ಜಾಸ್ತಿ ಆದ್ರೆ ಹೀಗೇ ಕಣಪ್ಪಾ" ಅಂದರು.

ಸಾಹಸದ ಹುಚ್ಚಿಂದ ಶುರುವಾಗಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇಂಥ ಕ್ಲಬ್‌ಗಳನ್ನು ಹುಟ್ಟಿಸಿದ್ದು ರಸ್ತೆ ಇಲ್ಲದಿದ್ದುದು, ಆಮೇಲೆ ಸುದ್ದಿಯ ಹಸಿವು.

ಬಾಹಾ ಕ್ಯಾಲಿಫೋರ್ನಿಯಾವನ್ನೇ ನೋಡಿ. ಅಮೆರಿಕದ ಗಡಿಯಿಂದ ಕೆಳಕ್ಕೆ ಇಳಿಬಿದ್ದಿರುವ ಮೆಕ್ಸಿಕೋದ ಉದ್ದನೆಯ ನೆಲ ಅದು. ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಕೊಲ್ಲಿ, ನಡುವೆ ಬೆಟ್ಟ ಮತ್ತು ಮರುಭೂಮಿ. ಗಡಿಯ ಟಿಹುವಾನಾದಿಂದ ತುದಿಯ ಕಾಬೋ ಸಾನ್ ಲೂಕಾಸ್‌ಗೆ ರಸ್ತೆಯಲ್ಲಿ ಸುಮಾರು 1,700 ಕಿ.ಮೀ. ಆದರೆ ಉದ್ದಕ್ಕೂ ಡಾಂಬರು ಬಿದ್ದದ್ದು 1973ರಲ್ಲಿ. ಅಲ್ಲಿಯವರೆಗೆ ಗಣಿಯವರು, ರ‍್ಯಾಂಚ್‌ನವರು, ಮೀನು ಹಿಡಿಯಲು ಬರುವವರಿಗೆ ಹೋಟೆಲ್ ಕಟ್ಟಿದವರು, ಎಲ್ಲರೂ ಮುಳ್ಳುಗಿಡ ಸವರಿ, ನೆಲ ಸಮ ಮಾಡಿ ತಮ್ಮದೇ ಸ್ಟ್ರಿಪ್ ಮಾಡಿಕೊಂಡರು. ಕಾಬೋ ಹತ್ತಿರದ ಪಾಲ್ಮಿಯಾ ಹೋಟೆಲ್ 1956ರಲ್ಲಿ ಶುರುವಾದಾಗ ಅತಿಥಿಗಳು ಬರುತ್ತಿದ್ದುದು ದೋಣಿಯಲ್ಲಿ, ಇಲ್ಲವೇ ಸ್ವಂತ ವಿಮಾನದಲ್ಲಿ.

ಈ ದಾರಿಯಲ್ಲೇ ಹುಟ್ಟಿದ ಗುಂಪು 'ಫ್ಲೈಯಿಂಗ್ ಸಮಾರಿಟನ್ಸ್'. 1961ರ ನವೆಂಬರ್. ಬಾಹಾದಿಂದ ಸ್ಯಾನ್ ಡಿಯಾಗೋಗೆ ವಾಪಸಾಗುತ್ತಿದ್ದ ಖಾಸಗಿ ವಿಮಾನದವರಿಗೆ ಧೂಳಿನ ಬಿರುಗಾಳಿ ಎದುರಾಯಿತು. ಮುಂದೆ ಹೋಗುವಂತಿರಲಿಲ್ಲ, ಎಲ್ ರೊಸಾರಿಯೋ ಅನ್ನುವ ಹಳ್ಳಿಯಲ್ಲಿ ಇಳಿದರು. ಗಡಿಯಿಂದ ಸುಮಾರು 350 ಕಿ.ಮೀ. ದೂರದ ಊರು. ಊರವರಿಗೇ ಉಣ್ಣಲು ಅಷ್ಟಕ್ಕಷ್ಟೆ, ಆದರೂ ಕರೆದು ಊಟ ಹಾಕಿ ಜಾಗ ಕೊಟ್ಟರು. ಆ ಋಣ ತೀರಿಸಲು ಇವರು ಕ್ರಿಸ್‌ಮಸ್ ಹೊತ್ತಿಗೆ ಬಟ್ಟೆ, ಆಟದ ಸಾಮಾನು ತುಂಬಿಕೊಂಡು ಮತ್ತೆ ಹೋದರು. ಆ ಸಲ ಜೊತೆಯಲ್ಲಿ ಒಬ್ಬ ಡಾಕ್ಟರೂ ಇದ್ದರು. ಸುದ್ದಿ ಹಬ್ಬಿದ್ದೇ ತಡ, ಜನ ಸಾಲು ನಿಂತರು. ಆಟದ ಸಾಮಾನಿಗಿಂತ ಬೇಕಾಗಿದ್ದು ಅದು, ಅಲ್ವಾ? ಅಲ್ಲಿಂದ ಹೋಗಿಬರುವುದು ರೂಢಿಯಾಯಿತು. ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಶಾಖೆಗಳು ಹುಟ್ಟಿಕೊಂಡು, ಬಾಹಾದ ಹಳ್ಳಿಗಳಲ್ಲಿ ಕ್ಲಿನಿಕ್ ನಡೆಸತೊಡಗಿದವು. ಎಲ್ ರೊಸಾರಿಯೋದಲ್ಲಿ ಊಟದ ಮನೆ ನಡೆಸುತ್ತಿದ್ದ ಅನಿತಾ ಎಸ್ಪಿನೋಸಾ ಬಾಹಾಕ್ಕೆ ಹೋಗುವವರಿಗೆಲ್ಲ 'ಮಾಮಾ ಎಸ್ಪಿನೋಸಾ' ಆಗಿಬಿಟ್ಟರು. ರೊಟ್ಟಿಯಲ್ಲಿ ಲಾಬ್‌ಸ್ಟರ್ ಸುತ್ತಿ ಕೊಡುವ ಅವರ ಬುರಿಟೋಗೆ ಈಗಲೂ ಹೆಸರಿದೆ. ನಾನು ಸಸ್ಯಾಹಾರಿ, ಆ ವಿಷಯ ಬೇರೆಯವರನ್ನು ಕೇಳಿ.

ಎಲ್ಲ ಗುಂಪೂ ಸೇವೆಗೇ ಅಂತ ಹುಟ್ಟಿದ್ದಲ್ಲ. ಮೀನು, ಬಿಯರ್, ಸಮುದ್ರ ಅಂತ ಹೋಗುವವರೇ ಜಾಸ್ತಿ. ಆದರೆ ಅವರಿಗೂ ಸುದ್ದಿ ಬೇಕು. ಮಣ್ಣಿನ ಸ್ಟ್ರಿಪ್ ಒಂದೇ ಮಳೆಗೆ ಬದಲಾಗುತ್ತದೆ. ನಡುವೆ ಕೊರಕಲು ಬಿದ್ದಿರುತ್ತದೆ, ತುದಿಯಲ್ಲಿ ಮರಳು ಸಡಿಲವಾಗಿರುತ್ತದೆ. ಅದಕ್ಕೇ ಮೊದಲು ಮೇಲಿಂದ ತಗ್ಗಿನಲ್ಲಿ ಒಂದು ಸುತ್ತು ಹಾರಿ ನೋಡುತ್ತೇವೆ. ದನ ಇದೆಯಾ, ಕತ್ತೆ ಇದೆಯಾ, ಗಾಳಿ ಯಾವ ಕಡೆಗಿದೆ. ಇಳಿದ ಮೇಲೆ ಮುಂದಿನ ಗಾಲಿಯನ್ನು ಆದಷ್ಟು ಹೊತ್ತು ನೆಲಕ್ಕೆ ತಾಗಿಸುವಂತಿಲ್ಲ, ಮರಳಿನಲ್ಲಿ ಹೂತುಕೊಂಡರೆ ಕೆಟ್ಟೆವು. ನಿಂತಲ್ಲಿ ಎಂಜಿನ್ ಜೋರು ಮಾಡಿದರೆ ಪ್ರೊಪೆಲರ್ ಕಲ್ಲನ್ನು ಎಳೆದುಕೊಂಡು ತನ್ನ ಅಂಚನ್ನೇ ಕೆತ್ತಿಕೊಳ್ಳುತ್ತದೆ. ಹಳಬರು ಡ್ರಮ್ಮಿನ ಪೆಟ್ರೋಲನ್ನು ಮೆತ್ತನೆಯ ಚರ್ಮದಲ್ಲಿ ಸೋಸಿಯೇ ಟ್ಯಾಂಕಿಗೆ ಹಾಕುತ್ತಿದ್ದರು, ನೀರು ಸೇರದಿರಲಿ ಅಂತ. ಸಣ್ಣ ವಿಮಾನಗಳು ಮೆಕ್ಸಿಕೋದಲ್ಲಿ ರಾತ್ರಿ ಕಣ್ಣಂದಾಜಿನ ಮೇಲೆ ಹಾರುವಂತಿಲ್ಲ. ಅಂದರೆ ಸೂರ್ಯ ಮುಳುಗುವ ಮುಂಚೆ ಎಲ್ಲಾದರೂ ಇಳಿದಿರಲೇಬೇಕು. ಹೋದ ವಾರ ಅಲ್ಲಿ ಇಳಿದು ಬಂದವನ ಒಂದು ಮಾತು ಎಷ್ಟು ಬೆಲೆಯದ್ದು ಅಂತ ಈಗ ಗೊತ್ತಾಯಿತಲ್ಲ?

ಇನ್ನೊಂದು ಕಾರಣ ದುಡ್ಡು. ಅಮೆರಿಕದ ಪ್ರೈವೇಟ್ ಪೈಲಟ್ ಲೈಸೆನ್ಸಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಪೆಟ್ರೋಲ್ ಖರ್ಚು ಹಂಚಿಕೊಳ್ಳಬಹುದು, ಆದರೆ ಪೈಲಟ್ ತನ್ನ ಪಾಲು ಹಾಕಲೇಬೇಕು. ಹಾಗಾಗಿ ಗಿರಾಕಿ ಸಿಗಲ್ಲ, ಸ್ನೇಹಿತರು ಬೇಕು. ನಾಲ್ಕು ಜನ ಸೇರಿದರೆ ಕ್ಲಬ್ ಆಗುವುದು ಹೀಗೆ.

ರಸ್ತೆ ಬಂದ ಮೇಲೆ ಬಾಹಾದ ಹಲವು ಸ್ಟ್ರಿಪ್‌ಗಳಿಗೆ ಕೆಲಸ ಇಲ್ಲದಾಯಿತು. ಅಮೆರಿಕದೊಳಗೂ ಕಾಡು, ಬೆಟ್ಟದ ಸ್ಟ್ರಿಪ್‌ಗಳು ಮುಚ್ಚಿಹೋಗುವ ಭಯ ಇದ್ದೇ ಇದೆ. 2003ರಲ್ಲಿ ಮೊಂಟಾನಾದ ಕೆಲವು ಪೈಲಟ್‌ಗಳು ಅವನ್ನು ಉಳಿಸಲೆಂದೇ 'ರಿಕ್ರಿಯೇಷನಲ್ ಏವಿಯೇಷನ್ ಫೌಂಡೇಶನ್' ಕಟ್ಟಿದರು. ಹುಲ್ಲು ಕತ್ತರಿಸುವುದು, ಕಲ್ಲು ಆರಿಸುವುದು, ಸರ್ಕಾರಿ ಕಚೇರಿ ಅಲೆಯುವುದು. ಸಾಹಸ ಅಂದುಕೊಂಡು ಬಂದವರಿಗೆ ಸಿಗುವ ಕೆಲಸ ಇದು.

ಮಾವನವರ ಎರಡನೇ ಪ್ರಶ್ನೆ, "ನಾನೂ ಬರಬಹುದಾ?" ಅಂತ. ಬರಬಹುದು. ಪೆಟ್ರೋಲಿನ ಪಾಲು ಕೊಡಬೇಕು, ಪಾಸ್‌ಪೋರ್ಟ್, ವೀಸಾ ತರಬೇಕು, ತೂಕ ಸುಳ್ಳು ಹೇಳಬಾರದು. ಬ್ಯಾಗನ್ನೂ ತೂಕಕ್ಕೆ ಇಡುತ್ತೇವೆ.