ಅಲ್ಲಿ ಟ್ಯಾಕ್ಸ್ ಎಷ್ಟು ಪರ್ಸೆಂಟ್?

ವಿದೇಶಕ್ಕೆ ಕೆಲಸಕ್ಕೆ ಹೊರಟವರೆಲ್ಲ ನನ್ನನ್ನು ಕೇಳುವುದು ಇದೇ ಪ್ರಶ್ನೆ, ಇದೇ ಧಾಟಿಯಲ್ಲಿ. ಹಿಂದೆಯೇ ಇನ್ನೊಂದು: "ಸುಮ್ಮನೆ ಒಂದು ನಂಬರ್ ಹೇಳಿ ಸಾರ್." ಹೇಳಬಹುದು. ಹೇಳಿದ ನಂಬರ್ ತಪ್ಪಾಗಿರುತ್ತದೆ, ಅಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಹಂಗೆರಿಯನ್ನೇ ತಗೊಳ್ಳಿ. ಆದಾಯ ತೆರಿಗೆ, ಸಂಬಳ ಎಷ್ಟೇ ಇರಲಿ, ಒಂದೇ ದರ, 15 ಪರ್ಸೆಂಟ್. ಸೂಟ್‌ಕೇಸ್ ಇಳಿಸುವ ಮೊದಲು ಪೂರ್ತಿ ಓದಿ. 100 ಫೋರಿಂಟ್ ಸಂಬಳದಲ್ಲಿ ಆ 15ರ ಜೊತೆ ಸಾಮಾಜಿಕ ಭದ್ರತೆಯ ವಂತಿಗೆ ಅಂತ 18.5 ಹೋಗುತ್ತದೆ. ಕೈಗೆ ಬರುವುದು 66.5. ಇದಲ್ಲದೆ ಕಂಪನಿ ನಿಮ್ಮ ಲೆಕ್ಕದಲ್ಲಿ ಮೇಲಿಂದ 13 ಕಟ್ಟುತ್ತದೆ, ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಅದಕ್ಕೆ ತಗಲುವ ಖರ್ಚು 113. ಕೈಗೆ ಬಂದದ್ದನ್ನು ಅಂಗಡಿಗೆ ಒಯ್ದರೆ 27 ಪರ್ಸೆಂಟ್ ವ್ಯಾಟ್, ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚು. ಅಷ್ಟನ್ನೂ ಆ ದರದ ಸಾಮಾನಿಗೇ ಸುರಿದರೆ ಇನ್ನೊಂದು 14 ಹೋಯಿತು. (ಮನೆ ಬಾಡಿಗೆಗೂ ಕೆಲವು ಆಹಾರ ಪದಾರ್ಥಗಳಿಗೂ ಈ ದರ ಇಲ್ಲ, ಹಾಗಾಗಿ ಯಾರೂ ಪೂರ್ತಿ 14 ಕೊಡುವುದಿಲ್ಲ. ಕಾಮೆಂಟ್ ಹಾಕುವವರಿಗೆ ಮುಂಚೆಯೇ ಹೇಳಿದ್ದೇನೆ.) ಎಲ್ಲ ಕೂಡಿಸಿದರೆ 113ರಲ್ಲಿ ತೆರಿಗೆ, ವಂತಿಗೆಗಳಿಗೆ ಹೋಗುವುದು ಸುಮಾರು 60. ಈಗ ಹೇಳಿ, ನಿಮಗೆ ಯಾವ ಪರ್ಸೆಂಟ್ ಬೇಕಿತ್ತು?

ಡೆನ್ಮಾರ್ಕ್ ಅಂದರೆ ಇದರ ಉಲ್ಟಾ ಗಾಬರಿ. "ಅರ್ಧಕ್ಕರ್ಧ ಕಿತ್ಕೋತಾರಂತೆ!" ಆ ಅರ್ಧ, ಸಂಬಳದ ತುದಿಯಲ್ಲಿರುವ ಭಾಗಕ್ಕೆ ಬೀಳುವ ದರ. ಇಡೀ ಸಂಬಳಕ್ಕಲ್ಲ. ಅಲ್ಲಿ ಪ್ರತ್ಯೇಕ ಸಾಮಾಜಿಕ ಭದ್ರತೆಯ ವಂತಿಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಬಹುತೇಕ ಎಲ್ಲವೂ ತೆರಿಗೆಯೊಳಗೇ ಸೇರಿದೆ. ಜರ್ಮನಿಯಲ್ಲಿ ತೆರಿಗೆ ಸೌಮ್ಯವಾಗಿ ಕಾಣುತ್ತದೆ, ಆದರೆ ಪಿಂಚಣಿಗೆ 9.3, ಆರೋಗ್ಯ ವಿಮೆಗೆ 7.3 ಮತ್ತು ಅದರ ಮೇಲೊಂದಿಷ್ಟು, ನಿರುದ್ಯೋಗ ವಿಮೆಗೆ 1.3, ಮುಂದೆ ಕೈಲಾಗದೆ ಹೋದರೆ ನೋಡಿಕೊಳ್ಳುವವರ ಖರ್ಚಿಗೆಂದು ಆರೈಕೆ ವಿಮೆ ಬೇರೆ. ಕಂಪನಿಯೂ ಸರಿಸುಮಾರು ಅಷ್ಟೇ ಕಟ್ಟುತ್ತದೆ. ಈ ಎರಡು ದೇಶಗಳ "ಟ್ಯಾಕ್ಸ್" ಕಾಲಮ್ಮನ್ನು ಅಕ್ಕಪಕ್ಕ ಇಟ್ಟು ಮಾಡಿದ ಚಾರ್ಟ್ ಕಂಡರೆ ಮುಂದಕ್ಕೆ ಹೋಗಿ.

ಇನ್ನು, "ಎಷ್ಟು" ಅಂತ ಕೇಳುವವರು "ಯಾರಿಗೆ" ಅಂತ ಹೇಳುವುದೇ ಇಲ್ಲ. ಜರ್ಮನಿಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಲೆಕ್ಕ ಕೊಟ್ಟರೆ ಇಬ್ಬರ ಆದಾಯ ಕೂಡಿಸಿ, ಎರಡು ಭಾಗ ಮಾಡಿ, ಒಂದು ಭಾಗಕ್ಕೆ ತೆರಿಗೆ ಹಾಕಿ ದುಪ್ಪಟ್ಟು ಮಾಡುತ್ತಾರೆ. ಒಬ್ಬರೇ ದುಡಿಯುವ ಮನೆಗೆ ಇದರಿಂದ ದೊಡ್ಡ ಉಳಿತಾಯ, ಇಬ್ಬರೂ ಸಮನಾಗಿ ದುಡಿದರೆ ಏನೂ ಇಲ್ಲ. ಬ್ರಿಟನ್ನಿನಲ್ಲಿ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ. ಅಲ್ಲಿ 1,00,000 ಪೌಂಡ್ ದಾಟಿದ ಮೇಲೆ 100 ಪೌಂಡ್ ಇನ್‌ಕ್ರಿಮೆಂಟ್ ಬಂತು ಅಂದುಕೊಳ್ಳಿ. 40 ತೆರಿಗೆ. ಪ್ರತಿ 2 ಪೌಂಡಿಗೆ 1 ಪೌಂಡಿನಂತೆ ಮೂಲ ವಿನಾಯಿತಿ (ಆದಾಯದಲ್ಲಿ ತೆರಿಗೆ ಬೀಳದ ಮೊದಲ ಭಾಗ) ಕರಗುವುದರಿಂದ ಇನ್ನೊಂದು 50ರ ಮೇಲೂ ತೆರಿಗೆ, ಅಂದರೆ 20. ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ, 2. ಉಳಿದದ್ದು 38. 12,570ರ ವಿನಾಯಿತಿ 1,25,140ಕ್ಕೆ ಪೂರ್ತಿ ಮುಗಿಯುತ್ತದೆ, ಅದರಾಚೆ ಇದೇ 100ರಲ್ಲಿ 53 ಉಳಿಯುತ್ತದೆ! (ಸ್ಕಾಟ್ಲೆಂಡಿನ ದರ ಬೇರೆ.) ಚಿಕ್ಕ ಮಗುವಿದ್ದರೆ ಇಂಗ್ಲೆಂಡಿನಲ್ಲಿ ದುಡಿಯುವ ತಂದೆತಾಯಿಗೆಂದು ಕೊಡುವ ಉಚಿತ ಶಿಶುಪಾಲನೆಯ ಗಂಟೆಗಳೂ, ಇಬ್ಬರಲ್ಲಿ ಒಬ್ಬರು ಈ ಒಂದು ಲಕ್ಷ ದಾಟಿದರೆ ಹೋಗುತ್ತವೆ. ತಿಳಿದವರು ಹೆಚ್ಚಾದದ್ದನ್ನು ಪಿಂಚಣಿಗೆ ತಳ್ಳಿ ಗೆರೆಯೊಳಗೇ ಉಳಿಯುತ್ತಾರೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ತೆರಿಗೆ ಕಟ್ಟಿದ ಮೇಲೂ ನನ್ನ ಜೇಬಿನಿಂದ ಕಡ್ಡಾಯವಾಗಿ ಏನೇನು ಹೋಗುತ್ತದೆ? ಸ್ವಿಟ್ಜರ್ಲೆಂಡಿನ ಆರೋಗ್ಯ ವಿಮೆ ಕಡ್ಡಾಯ, ಆದರೆ ತೆರಿಗೆಯಲ್ಲಿ ಇಲ್ಲ. ತಲೆಗೊಂದು ಪ್ರೀಮಿಯಂ, ಮಕ್ಕಳಿಗೂ ಪ್ರತ್ಯೇಕ, ಸಂಬಳ ನೋಡಿ ಏರಿಳಿಯುವುದಿಲ್ಲ. ದೊಡ್ಡವರು ಇದರ ಮೇಲೆ ವರ್ಷಕ್ಕೆ 300ರಿಂದ 2,500 ಫ್ರಾಂಕ್‌ವರೆಗಿನ ವೈದ್ಯಕೀಯ ಖರ್ಚನ್ನು, ಯಾವ ಮಿತಿ ಆರಿಸಿಕೊಂಡರೋ ಅಷ್ಟನ್ನು, ಮೊದಲು ತಾವೇ ಭರಿಸಬೇಕು.

ಎಮಿರೇಟ್ಸ್‌ನಲ್ಲಿ (ದುಬೈ, ಅಬುಧಾಬಿ ಇರುವ ದೇಶ) ಆದಾಯ ತೆರಿಗೆ ಸೊನ್ನೆ, ನಿಜ. ಆದರೆ ಹೊರಗಿನಿಂದ ಬಂದವರಿಗೆ ಸರ್ಕಾರಿ ಪಿಂಚಣಿಯೂ ಇಲ್ಲ. ಇರುವುದು ಕೆಲಸ ಬಿಡುವಾಗಿನ ಗ್ರಾಚ್ಯುಯಿಟಿ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಒಟ್ಟು ಸಂಬಳದ್ದಲ್ಲ, ಮೂಲ ವೇತನದ್ದು. ತಿಂಗಳಿಗೆ 20,000 ದಿರ್ಹಮ್ ಅಂತ ಹೇಳಿ ಮೂಲ ವೇತನ 10,000 ಅಂತ ಬರೆದಿದ್ದರೆ, ವರ್ಷಕ್ಕೆ ಸಿಗುವುದು 7,000. ನೀವು ದುಡಿದ 2,40,000ದಲ್ಲಿ ಮೂರು ಪರ್ಸೆಂಟೂ ಆಗಲಿಲ್ಲ. ವೃದ್ಧಾಪ್ಯಕ್ಕೆ ಬೇಕಾದದ್ದನ್ನು ನೀವೇ ತೆಗೆದಿಡಬೇಕು. ಮಕ್ಕಳಿದ್ದರೆ ಖಾಸಗಿ ಶಾಲೆಯ ಫೀಸೂ ಸೇರಿಸಿ. ತೆರಿಗೆ ಇಲ್ಲದ ದೇಶದಲ್ಲಿ ಆ ಬಿಲ್ಲುಗಳು ನಿಮ್ಮ ಹೆಸರಿಗೇ ಬರುತ್ತವೆ.

ಜೀವನವೆಚ್ಚದ ಸೂಚ್ಯಂಕಗಳ ಬಗ್ಗೆ ಒಂದೇ ಮಾತು: ಬಾಡಿಗೆ ಸೇರಿದೆಯೋ ಇಲ್ಲವೋ ನೋಡಿ. ಎಲ್ಲರೂ ನೋಡುವ ನಂಬಿಯೋ (Numbeo) ವೆಬ್‌ಸೈಟಿನ ಮುಖ್ಯ ಸೂಚ್ಯಂಕದಲ್ಲಿ ಸೇರಿಲ್ಲ. ಬಾಡಿಗೆ ಬಿಟ್ಟು ಮಾಡಿದ ಹೋಲಿಕೆಯಿಂದ ಬಾಡಿಗೆದಾರನಿಗೆ ಏನು ಪ್ರಯೋಜನ?

ಕೊನೆಗೆ ಆ ಗುಣಾಕಾರ. ಸಂಬಳ ಹೇಳಿದ ತಕ್ಷಣ ವಿನಿಮಯ ದರದಿಂದ ಗುಣಿಸಿ ಬಾಯಿ ತೆರೆಯುತ್ತಾರಲ್ಲ, ಅದನ್ನು ಬಿಡಿ. ಅಲ್ಲೇ ದುಡಿದು ಅಲ್ಲೇ ಖರ್ಚಾಗುವ ಹಣಕ್ಕೆ ಊರಿನ ದರ ಯಾಕೆ? ತೆರಿಗೆ, ವಂತಿಗೆ, ಬಾಡಿಗೆ, ವಿಮೆ, ಶಿಶುಪಾಲನೆ, ಊಟ, ಓಡಾಟ ಎಲ್ಲವನ್ನೂ ಅಲ್ಲಿನ ಹಣದಲ್ಲೇ ಕಳೆಯಿರಿ. ಊರಿಗೆ ಕಳಿಸುವಷ್ಟನ್ನು ಮಾತ್ರ ಗುಣಿಸಿ.

ಇಷ್ಟಾದ ಮೇಲೂ ಕೇಳಲೇಬೇಕಿದ್ದರೆ ವಾರ್ಷಿಕ ಒಟ್ಟು ಸಂಬಳ, ಅದರಲ್ಲಿ ಮೂಲ ವೇತನ, ಸಂಗಾತಿಯ ಆದಾಯ, ಮಕ್ಕಳ ವಯಸ್ಸು, ಯಾವ ನಗರ, ಎಷ್ಟು ವರ್ಷ ಇರುತ್ತೀರಿ, ಇವಿಷ್ಟನ್ನೂ ಬರೆದು ಕಳಿಸಿ. ದೇಶದ ಹೆಸರೊಂದನ್ನೇ ಕಳಿಸಿದವರಿಗೆ ಉತ್ತರ ಬರುವುದಿಲ್ಲ.