ಮೆಲ್ಬರ್ನ್‌ನಲ್ಲಿ ತಿರುಗಿದ ಕಾಕಾನ ಆಕಾಶಬುಟ್ಟಿ

ಹೋದ ವರ್ಷ ನಾವು ದೀಪಾವಳಿ ಮಾಡಲಿಲ್ಲ. ಕಾಕಾ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಈ ಸಲ ವರ್ಷಾಂತಿಕ ಮುಗಿದ ಮೇಲೆ ಹುಬ್ಬಳ್ಳಿಯಿಂದ ಚಿಗವ್ವ ಫೋನ್ ಮಾಡಿದಳು. "ಹಬ್ಬ ಬಿಡಬ್ಯಾಡ ತಂಗಿ. ನೀನ ಬುಟ್ಟಿ ಕಟ್ಟು" ಅಂದಳು.

ಬುಟ್ಟಿ ಅಂದರೆ ನಮ್ಮ ಮನೆಯಲ್ಲಿ ಕಾಕಾ ಕಟ್ಟುತ್ತಿದ್ದ ಆಕಾಶಬುಟ್ಟಿ. ಅಂಗಡಿಯದನ್ನು ಒಂದು ವರ್ಷವೂ ತಂದವರಲ್ಲ.

ಕಾಕಾ ಬಿ.ವಿ.ಬಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್ ಸೇರಿದವನು. ಸದರ್ನ್ ಮರಾಠಾ ರೈಲ್ವೆ ಕಾಲದ ವರ್ಕ್‌ಶಾಪ್ ಅದು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದದ್ದನ್ನು ಅಲ್ಲೇ ನಿಂತು ನೋಡಿದ. 2003ರಲ್ಲಿ ನೈಋತ್ಯ ರೈಲ್ವೆಗೆ ಹುಬ್ಬಳ್ಳಿಯೇ ಮುಖ್ಯ ಕಚೇರಿ ಆದಾಗ ಓಣಿಗೆಲ್ಲ ಪೇಡೆ ಹಂಚಿದ್ದ. ಹಗಲೆಲ್ಲ ಬೋಗಿಗಳ ಕೆಲಸ. ಸಂಜೆ ಚಹಾ ಕುಡಿದು ಹಿತ್ತಲಿನ ತಗಡಿನ ಶೆಡ್ಡಿಗೆ ಹೋದರೆ ಅವನದೇ ಲೋಕ. ಗ್ಯಾಂಗ್ ಕಂಡೆನ್ಸರ್, ಡಯೋಡು, ಫೆರೈಟ್ ಕಡ್ಡಿ ಜೋಡಿಸಿ ಸಾಬೂನಿನ ಡಬ್ಬಿಯಲ್ಲಿ ರೇಡಿಯೊ ಕಟ್ಟಿದ್ದ. ಅದರಲ್ಲಿ ಧಾರವಾಡ ಆಕಾಶವಾಣಿ ಸ್ವಚ್ಛ ಕೇಳುತ್ತಿತ್ತು. ಓಣಿಯವರ ಮಿಕ್ಸಿ, ಫ್ಯಾನು ಎಲ್ಲ ಅಲ್ಲಿಗೇ ಬರುತ್ತಿದ್ದವು. ಯಾರಿಂದಲೂ ರೊಕ್ಕ ತಗೊಂಡವನಲ್ಲ.

ಆದರೆ ನನಗೆ ಕಾಕಾ ಅಂದರೆ ಆ ಬುಟ್ಟಿಯೇ. ದಸರಾ ಮುಗಿದ ಕೂಡಲೇ ಬಿದಿರು ಸೀಳುತ್ತಿದ್ದ. ದುರ್ಗದಬೈಲಿನಿಂದ ಪತಂಗದ ಹಾಳೆ ತರುತ್ತಿದ್ದ. ಹೊರಗಿನಿಂದ ನೋಡಿದರೆ ಎಲ್ಲರ ಮನೆಯ ಹಾಗೇ ಒಂದು ಬುಟ್ಟಿ. ಒಳಗೆ ಮಾತ್ರ ಇನ್ನೊಂದು ಕಾಗದದ ಡೋಲು ಇರುತ್ತಿತ್ತು. ಅದರ ಸುತ್ತ ಒಂದು ಉಗಿಬಂಡಿ, ಹಿಂದೆ ಐದು ಡಬ್ಬಿ, ದಪ್ಪ ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದು. ಡೋಲಿನ ಮುಚ್ಚಳವನ್ನು ಹನ್ನೆರಡು ಎಸಳಾಗಿ ಕತ್ತರಿಸಿ, ಫ್ಯಾನಿನ ರೆಕ್ಕೆಯ ಹಾಗೆ ಒಂದೇ ಕಡೆಗೆ ಓರೆ ಮಾಡುತ್ತಿದ್ದ. ನಡುವೆ ಒಂದು ಟಿಚ್ ಬಟನ್. ಬಟನ್ನಿನ ಉಬ್ಬಿದ ಅರ್ಧವನ್ನು ತಿರುವಿ ನೋಡಿದರೆ ಹಿಂದೆ ಸಣ್ಣ ಗುಳಿ ಇರುತ್ತದೆ, ಅಲ್ವಾ? ಬಲ್ಬಿನ ಮೇಲೆ ತಂತಿಯ ಕಮಾನು, ಕಮಾನಿನ ನೆತ್ತಿಗೆ ಸೂಜಿ. ಆ ಸೂಜಿಯ ಮೊನೆ ಈ ಗುಳಿಯಲ್ಲಿ ಕೂರಬೇಕು. ಇಡೀ ಡೋಲಿನ ಭಾರ ಅಷ್ಟೇ ಜಾಗದ ಮೇಲೆ. ಬಲ್ಬಿನ ಬಿಸಿಗಾಳಿ ಮೇಲೇರಿ ಎಸಳುಗಳನ್ನು ತಳ್ಳಿದರೆ ಡೋಲು ತಿರುಗುತ್ತದೆ, ಹೊರಗಿನ ಹಾಳೆಯ ಮೇಲೆ ರೈಲಿನ ನೆರಳು ಓಡುತ್ತದೆ. ಕೇಶ್ವಾಪುರದ ನಮ್ಮ ಓಣಿಯ ಹುಡುಗರೆಲ್ಲ ಪಟಾಕಿ ಬಿಟ್ಟು ಆ ರೈಲಿನ ಕೆಳಗೆ ನಿಲ್ಲುತ್ತಿದ್ದರು.

ಚಿಗವ್ವ ಶೆಡ್ಡಿನಲ್ಲಿದ್ದ ಅವನ ನೋಟುಬುಕ್ಕಿನ ಒಂದು ಪುಟದ ಫೋಟೊ ಕಳಿಸಿದಳು. ಡೋಲಿನ ಅಳತೆ, ಎಸಳಿನ ಓರೆ, ಎಲ್ಲ ಪೆನ್ಸಿಲಿನಲ್ಲಿತ್ತು. ಇಲ್ಲಿ ಗಿಡಕ್ಕೆ ಆಸರೆ ಕೊಡುವ ಬಿದಿರಿನ ಕೋಲು ಸಿಗುತ್ತವೆ, ಅವನ್ನೇ ಸೀಳಿದೆ. ಪತಂಗದ ಹಾಳೆಯ ಬದಲು ಬೇಕಿಂಗ್ ಪೇಪರ್ ಹಚ್ಚಿದೆ. ಒಳಗೆ ಎಲ್‌ಇಡಿ ಬಲ್ಬ್ ಹಾಕಿ ಸ್ವಿಚ್ ಒತ್ತಿದೆ. ಬೆಳಕು ಚೆನ್ನಾಗಿತ್ತು. ರೈಲು ಅಲುಗಲಿಲ್ಲ.

ಏನಾದರೂ ಕೆಟ್ಟರೆ ಕಾಕಾ ಬೈಯುತ್ತಿರಲಿಲ್ಲ. "ಯಾಕ ನಿಂತಿ ಅಂತ ಮೊದಲ ಅದನ್ನ ಕೇಳು" ಅನ್ನುತ್ತಿದ್ದ. ಸುಮ್ನೆ ಕೂತು ನೋಡಿದೆ. ಬಲ್ಬಿನ ಮೇಲೆ ಕೈ ಹಿಡಿದೆ. ತಣ್ಣಗಿತ್ತು. ಕಾಕಾನ 60 ವ್ಯಾಟಿನ ತಂತಿ ಬಲ್ಬಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಪಾಲು ಬರೀ ಬಿಸಿಯಾಗುತ್ತಿತ್ತು. ಆ ರೈಲು ಓಡುತ್ತಿದ್ದದ್ದೇ ಅದರಿಂದ.

ಆಸ್ಟ್ರೇಲಿಯಾದಲ್ಲಿ ಅಂಥ ಬಲ್ಬುಗಳನ್ನು 2009ರಿಂದ ಹಂತಹಂತವಾಗಿ ನಿಲ್ಲಿಸಿದ್ದಾರೆ. ಓವನ್ನಿನೊಳಗೆ ಮಾತ್ರ ಈಗಲೂ ತಂತಿ ಬಲ್ಬೇ ಬೇಕು, ಆ ಕಾವಿಗೆ ಎಲ್‌ಇಡಿ ತಡೆಯುವುದಿಲ್ಲ. ಅಂಗಡಿಯಿಂದ 40 ವ್ಯಾಟಿನ ಓವನ್ ಬಲ್ಬನ್ನೂ ಅದರ ಸಣ್ಣ ಹೋಲ್ಡರನ್ನೂ ತಂದೆ.

ಕರಚಿಕಾಯಿ, ಚಕಲಿ ಹಿಂದಿನ ದಿನವೇ ಮಾಡಿಟ್ಟಿದ್ದೆ. ಪಾಡ್ಯದ ದಿನ ನಮ್ಮ ಕಡೆ ಸೆಗಣಿಯಲ್ಲಿ ಪಾಂಡವರನ್ನು ಮಾಡಿಡುತ್ತಾರೆ. ಇಲ್ಲಿ ಸೆಗಣಿ ಎಲ್ಲಿಂದ ತರಲಿ? ಗೋಧಿಹಿಟ್ಟು ಕಲಸಿ ಮಾಡಿದೆ, ಚೆಂಡುಹೂವು ಸಿಕ್ಕಿಸಿದೆ. ಇಲ್ಲಿ ಈಗ ವಸಂತ. ಎಂಟು ಗಂಟೆಯಾದರೂ ಪೂರ್ತಿ ಕತ್ತಲಾಗುವುದಿಲ್ಲ. ಎಂಟೂವರೆಗೆ ಗಾಳಿ ತಾಗದ ಮೂಲೆಯಲ್ಲಿ ಬುಟ್ಟಿ ತೂಗುಹಾಕಿ, ಚಿಗವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಡೋಲು ಸ್ವಲ್ಪ ನಡುಗಿತು. ಮೆಲ್ಲಗೆ ಹೊರಟಿತು. ಮಗಳು ಚಪ್ಪಾಳೆ ತಟ್ಟಿದಳು.

"ತಂಗೀ, ಗಾಡಿ ಹಿಂದಕ್ಕ ಹೊಂಟೈತಲ್ಲ" ಅಂದಳು ಚಿಗವ್ವ.

ಹೌದು, ಡಬ್ಬಿಗಳು ಮುಂದೆ, ಎಂಜಿನ್ ಹಿಂದೆ. ಎಸಳುಗಳನ್ನು ಎಡಕ್ಕೆ ಓರೆ ಮಾಡುವ ಬದಲು ಬಲಕ್ಕೆ ಮಾಡಿದ್ದೆ. ಬಲ್ಬ್ ಆರಿಸಿ, ಡೋಲು ತೆಗೆದು, ಹನ್ನೆರಡನ್ನೂ ಒಂದೊಂದಾಗಿ ತಿರುಗಿಸಿದೆ. ಚಿಗವ್ವ ಫೋನ್ ಇಡಲಿಲ್ಲ. ಮತ್ತೆ ಸೂಜಿಯ ಮೇಲೆ ಕೂರಿಸಿ ಸ್ವಿಚ್ ಒತ್ತಿದೆ. ಕಾದೆವು. ಈ ಸಲ ಎಂಜಿನ್ ಮುಂದೆ ಬಂತು, ಅದರ ಹಿಂದೆ ಐದೂ ಡಬ್ಬಿ.

ಕೈ ಸೋತು ಫೋನ್ ಕೆಳಗಿಳಿಸಲು ಹೋದೆ.

"ಇನ್ನೊಂದೀಟು ಹಂಗ ಹಿಡಿ" ಅಂದಳು ಚಿಗವ್ವ.